ಕರುವಿನ ಪಾಲು

(ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಹಿಂಡುವ ಆಕಳಿಗೆ ಹಿಂಡಿ ಇಡಲು ನಾವಾರೂ ಮರೆಯುವದಿಲ್ಲ. ಅದರ ಕರುವಿಗೆ ಏನು ದೊರೆಯಿತೆಂದು ವಿಚಾರಿಸುವವರು ಎಷ್ಟು ಜನ? ಕರು ಹಾಲು ಕೊಡುವದಿಲ್ಲವಾದ ಕಾರಣ ನಮ್ಮ ಲೆಕ್ಕದಲ್ಲಿ ಅದಕ್ಕೆ ಸ್ಥಾನವಿಲ್ಲ. ಆದರೆ ಇಂದು ಗೂಟದಲ್ಲಿ ಬಡಕಲಾಗಿ ನಿಂತಿರುವ ಹೆಣ್ಣುಗರುವೇ ಕೆಲವು ವರುಷಗಳ ತರುವಾಯ ನಮ್ಮ ಮಕ್ಕಳಿಗೆ ಹಾಲುಣಿಸತಕ್ಕದ್ದು.

ನಮ್ಮ ಮನೆಯ ಸಂಗತಿಯನ್ನೇ ಮೊದಲು ಹೇಳುವೆವು. ಆಕಳು ಈದಾಗ, ಮಾಸು ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದೆಂಬ ರೂಢಿಯನ್ನು ನಾವು ಪಾಲಿಸಿದೆವು. ಮಾಸು ಬಿದ್ದದ್ದು ಇರುಳು ಕಳೆದ ಮೇಲೆ. ಗಿಣ್ಣದ ಹಾಲನ್ನು ಬೆಲ್ಲ ಏಲಕ್ಕಿ ಕೂಡಿಸಿ ಕಾಸಿ, ನೆರೆಮನೆಗಳಿಗೆ ಹಂಚಿದೆವು. ಎಂಟನೆಯ ದಿನ ಕರುವಿಗೆ ಭೇದಿ ಹತ್ತಿತು. ಹತ್ತನೆಯ ದಿನ ಅದು ಏಳಲಿಲ್ಲ. ಅಂದು ದೈವವನ್ನು ದೂರಿದೆವು. ತಪ್ಪು ನಮ್ಮದೇ ಎಂಬುದನ್ನು ಪಶುವೈದ್ಯರು ಬಳಿಕ ತಿಳಿಸಿದರು.

ಮಾನವ ಶಿಶುವು ತಾಯಿಯ ಗರ್ಭದಲ್ಲಿಯೇ ರೋಗನಿರೋಧಕ ಶಕ್ತಿಯನ್ನು ಕೆಲಮಟ್ಟಿಗೆ ಪಡೆದು ಬರುವದು. ಕರುವಿಗೆ ಆ ಭಾಗ್ಯವಿಲ್ಲ. ಅದಕ್ಕೆ ಆ ಶಕ್ತಿಯು ಗಿಣ್ಣದ ಹಾಲಿನಿಂದಲೇ ಬರತಕ್ಕದ್ದು. ಅದನ್ನು ಹೀರಿಕೊಳ್ಳುವ ಕರುಳಿನ ಸಾಮರ್ಥ್ಯವು ಗಂಟೆಗಂಟೆಗೂ ಕುಂದುತ್ತ, ಸುಮಾರು 24 ಗಂಟೆಗಳಲ್ಲಿ ಮುಗಿದುಹೋಗುವದು. ಆದಕಾರಣ ಹುಟ್ಟಿದ ಒಂದೆರಡು ಗಂಟೆಗಳೊಳಗೆ ಮೊದಲ ಗಿಣ್ಣವನ್ನು ಕುಡಿಸಬೇಕು. ಮೊದಲ ದಿನಕ್ಕೆ ಕರುವಿನ ತೂಕದ ಹತ್ತನೆಯ ಒಂದು ಪಾಲಾದರೂ ಬೇಕು. 25 ಕಿಲೋ ತೂಗುವ ಕರುವಿಗೆ ಎರಡೂವರೆ ಲೀಟರು. ಮಾಸಿಗಾಗಿ ಕಾಯುವದು ಬೇಡ. ಕರು ಮೊಲೆಯುಂಡರೆ ಮಾಸು ಬೀಳುವದಕ್ಕೂ ಸಹಾಯವೇ ಆಗುವದು. ಹೊಕ್ಕಳ ಬಳ್ಳಿಯ ತುದಿಗೆ ಟಿಂಕ್ಚರ್ ಅಯೋಡಿನ್ ಹಚ್ಚಬೇಕು. ಹಾಸಿಗೆಯ ಹುಲ್ಲು ಒಣಗಿರಬೇಕು.

ಅಷ್ಟಾಗಿಯೂ ಭೇದಿಯಾದರೆ ಹಾಲು ನಿಲ್ಲಿಸಬಾರದು. ಕರುವನ್ನು ಕೊಲ್ಲುವದು ಬಹುಮಟ್ಟಿಗೆ ನೀರು, ಲವಣಗಳ ನಷ್ಟ. ಅದನ್ನು ತುಂಬುವ ಪಾನಕವನ್ನು ಹಾಲಿನ ಹೊತ್ತುಗಳ ನಡುವೆ ಕುಡಿಸಿ, ವೈದ್ಯರನ್ನು ಕರೆಯಬೇಕು. ಎಮ್ಮೆಗರುಗಳಿಗೆ ತಾಯಿಯ ಹಾಲಿನೊಡನೆಯೇ ಜಂತುಗಳು ಸೇರುವದುಂಟು. ಎರಡನೆಯ ವಾರದಲ್ಲಿಯೇ ಅದರ ಮದ್ದನ್ನು ವೈದ್ಯರಿಂದ ಕೇಳಿ ಪಡೆಯತಕ್ಕದ್ದು. ಅದೇ ವಾರದಿಂದ ಎಳೆಹುಲ್ಲು, ಕರುವಿನ ಹಿಂಡಿ, ಶುದ್ಧ ನೀರು ಮುಂದಿರಲಿ.

ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುವಿಗೆ ಕಂದು ಹಾಕುವ ರೋಗದ, ಅಂದರೆ ಬ್ರುಸೆಲ್ಲೋಸಿಸಿನ, ಲಸಿಕೆಯನ್ನು ಜನ್ಮದಲ್ಲಿ ಒಮ್ಮೆ ಹಾಕಿಸಬೇಕು. ಈ ರೋಗವು ಹಸಿ ಹಾಲಿನ ಮೂಲಕ ಮನುಷ್ಯನಿಗೂ ಅಂಟುವದು. ಇದನ್ನೂ ಕಾಲುಬಾಯಿ ರೋಗವನ್ನೂ ತಡೆಯಲು 2019ರಲ್ಲಿ ರಾಷ್ಟ್ರೀಯ ಯೋಜನೆಯೊಂದು ಆರಂಭವಾಯಿತು.

ಮುಂದೆ ಕಡಸಿನ ಕಾಲ. ಮೊಲೆ ಬಿಟ್ಟ ಕರುವನ್ನು ಬರಿಯ ಒಣಮೇವಿಗೆ ಕಟ್ಟಿಹಾಕಿ, ಅದು ಬೆದೆಗೆ ಬರಲಿಲ್ಲವೆಂದು ಹಳಿಯುವದು ನ್ಯಾಯವಲ್ಲ. ಗರ್ಭ ಕಟ್ಟಿಸಲು ವಯಸ್ಸಿಗಿಂತ ತೂಕವೇ ಮುಖ್ಯ. ಬೆಳೆದ ಆಕಳ ತೂಕದ ಶೇಕಡಾ 60ರಷ್ಟಾದರೂ ಕಡಸು ತೂಗಬೇಕು. ತಕ್ಕಡಿಯಿಲ್ಲದಿದ್ದರೆ ಎದೆಯ ಸುತ್ತಳತೆಯ ಪಟ್ಟಿಯಿಂದ ತಿಂಗಳಿಗೊಮ್ಮೆ ಅಂದಾಜು ಮಾಡಬಹುದು.

1927ರಲ್ಲಿ ವಿಶ್ರಾಂತಿಗಾಗಿ ಬೆಂಗಳೂರಿನಲ್ಲಿ ತಂಗಿದ್ದ ಗಾಂಧೀಜಿಯವರು ಅಲ್ಲಿಯ ಇಂಪೀರಿಯಲ್ ಡೇರಿಗೆ ಹೋಗಿ ಪಶುಪಾಲನೆಯ ಪಾಠ ಕಲಿತರು. ಆ ವಯಸ್ಸಿನಲ್ಲಿ ಅವರಿಗಿಲ್ಲದ ಸಂಕೋಚ ನಮಗೇಕೆ? ಶಿಕ್ಷಕರೇ, ನಿಮ್ಮ ತರಗತಿಯಲ್ಲಿ ಕೊಟ್ಟಿಗೆಯುಳ್ಳ ಮನೆಯ ಮಕ್ಕಳು ಕುಳಿತಿದ್ದಾರೆ. ಗಿಣ್ಣದ ಮೊದಲ ಪಾಲು ಕರುವಿಗೆ ಎಂಬ ಒಂದೇ ಮಾತನ್ನು ಅವರ ಮನದಲ್ಲಿ ನಾಟಿಸಿರಿ. ಉಳಿದದ್ದನ್ನು ಕಾಸಿ ಹಂಚುವ ಸಂತೋಷ ನಮಗೆ ಇದ್ದೇ ಇರುವದು.