ಬಿಸಿಲಿಗೆ ಅಡ್ಡ, ರಸ್ತೆಗಲ್ಲ

ಬೆಳಿಗ್ಗೆ ಮೈಸೂರಿನಿಂದ ಬೆಂಗಳೂರಿಗೆ ಕಾರಲ್ಲಿ ಬನ್ನಿ, ಸೂರ್ಯ ಎದುರಿಗೇ. ಸಂಜೆ ವಾಪಸ್ ಹೊರಡಿ, ಆಗಲೂ ಎದುರಿಗೇ! ವೈಸರ್ ಇಳಿಸಿದರೂ ಅದರ ಕೆಳಗಿಂದ ಬಿಸಿಲು ನುಗ್ಗುತ್ತೆ.

ಒಮ್ಮೆ ನಾನು ವೈಸರ್‌ಗೆ ರಟ್ಟು ಸಿಕ್ಕಿಸಿದ್ದೆ. ಬಿಸಿಲೇನೋ ನಿಂತಿತು, ರಸ್ತೆ ದಾಟುತ್ತಿದ್ದ ಹುಡುಗನೂ ಮರೆಯಾದ. ಪಕ್ಕದಲ್ಲಿದ್ದ ಹೆಂಡತಿ ಕೂಗಿದ್ದಕ್ಕೆ ಬ್ರೇಕ್ ಒತ್ತಿದೆ.

ಲೆಕ್ಕ ಸರಳ. ಗಂಟೆಗೆ 80 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 22 ಮೀಟರ್. ಎರಡು ಸೆಕೆಂಡ್ ಕಣ್ಣು ಕುಕ್ಕಿದರೆ 44 ಮೀಟರ್ ಕುರುಡು ಓಟ! ಮುಂದಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸೋಣ ಅಂತೀರಾ? ಕನಿಷ್ಠ ಶೇ. 70ರಷ್ಟು ಬೆಳಕು ಒಳಗೆ ಬರಲೇಬೇಕು, ಅದು ನಿಯಮ.

ಪೋಲರೈಸ್ಡ್ ಕನ್ನಡಕ ಹಾಕಿ. ಗಾಜಿನ ಒಳಬದಿಯನ್ನೂ ಒರೆಸಿ. ಆದರೂ ಕಾಣದಿದ್ದರೆ ವೇಗ ಇಳಿಸಿ. ದಾಟುವ ಹುಡುಗನಿಗೆ ವೈಸರ್ ಇಲ್ಲ.