ಆಪ್ತವಾಕ್ಯ ಯಾವುದು? ಅಂತರ್ಜಾಲದ ವೈದ್ಯಮಾಹಿತಿಯನ್ನು ಅಳೆಯುವ ಬಗೆ

(ಕೂಟದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯನನ್ನು ಉಪನ್ಯಾಸಕ್ಕೆ ಕರೆದರೆ ಆತ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ವಿಚಾರವೆತ್ತಿ, ಅನಂತರ ಬಡಿಸಲಿರುವ ಹೋಳಿಗೆಯ ರುಚಿಯನ್ನು ಕೆಡಿಸಿ ಹೋಗುವುದು ವಾಡಿಕೆ. ಇಂದು ಆ ಅಪರಾಧವನ್ನು ನಾನು ಮಾಡುವುದಿಲ್ಲ. ರೋಗಗಳನ್ನು ಕುರಿತಲ್ಲ, ರೋಗಗಳನ್ನು ಕುರಿತು ನಾವು ಅಂತರ್ಜಾಲದಲ್ಲಿ ಓದುವುದನ್ನು ಕುರಿತು ಮಾತನಾಡಬೇಕೆಂದಿದ್ದೇನೆ. ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಕಾರಣವಿದೆ. ಅದು ನನಗೆ ಹೆಮ್ಮೆ ತರುವ ಕಾರಣವಲ್ಲ.

ನನ್ನ ಸೋದರತ್ತೆಯೊಬ್ಬರು ಹಾಸನ ಜಿಲ್ಲೆಯ ಒಂದು ಊರಿನಲ್ಲಿದ್ದಾರೆ. ಬಾಲ್ಯದಲ್ಲಿ ಬಂದ ರೂಮ್ಯಾಟಿಕ್ ಜ್ವರದಿಂದ ಅವರ ಹೃದಯದ ಮೈಟ್ರಲ್ ಕವಾಟ ಹಾಳಾಗಿತ್ತು. 1994ರಲ್ಲಿ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ನಡೆದು ಯಾಂತ್ರಿಕ ಕವಾಟವನ್ನು ಕೂಡಿಸಿದರು. ಅಂಥ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ ಅಪಾಯ ಸದಾ ಇರುವುದರಿಂದ ಅವರು ಜೀವನಪರ್ಯಂತ ವಾರ್ಫರಿನ್ ಎಂಬ ಮಾತ್ರೆಯನ್ನು ಸೇವಿಸಬೇಕು. ರಕ್ತಪರೀಕ್ಷೆ ಮಾಡಿಸಿ ಐ.ಎನ್.ಆರ್. ಎಂಬ ಅಂಕಿಯನ್ನು 3ರ ಆಸುಪಾಸಿನಲ್ಲಿ ಇರಿಸಿಕೊಳ್ಳಬೇಕು. ಇಪ್ಪತ್ತೆರಡು ವರ್ಷ ಅವರು ಇದನ್ನು ವ್ರತದಂತೆ ನಡೆಸಿಕೊಂಡು ಬಂದರು.

2016ರಲ್ಲಿ ಒಂದು ದಿನ ಅವರ ಮೊಮ್ಮಗ ನನಗೆ ದೂರವಾಣಿ ಮಾಡಿದ. “ಮಾಮ, ಅಜ್ಜಿಗೆ ಸ್ವಲ್ಪ ತಗುಲಿದರೂ ಮೈ ನೀಲಿಗಟ್ಟುತ್ತದೆ. ಈ ಮಾತ್ರೆಗೆ ಬದಲು ಬೇರೆ ಏನಾದರೂ ಇದೆಯೇ?” ಎಂದು ಕೇಳಿದ. ನಾನು ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುತ್ತಿದ್ದೆ. “ಗೂಗಲ್‌ನಲ್ಲಿ ನೋಡು, ಎಲ್ಲವೂ ಇದೆ. ರಾತ್ರಿ ಮಾತನಾಡೋಣ” ಎಂದೆ. ಆ ರಾತ್ರಿ ನಾನು ಮಾತನಾಡಲಿಲ್ಲ, ಮರುದಿನವೂ ಇಲ್ಲ. ಹುಡುಗ ಹೇಳಿದಂತೆ ನೋಡಿದ. ಐದನೆಯ ವಾರ ಅತ್ತೆಯ ಮಾತು ತೊದಲಿತು, ಎಡಗೈ ಬಿದ್ದುಹೋಯಿತು. ಕವಾಟದಿಂದ ಹೆಪ್ಪೊಂದು ಮೆದುಳಿಗೆ ಹೋಗಿತ್ತು. ಜೀವ ಉಳಿಯಿತು, ಮಾತು ಮರಳಿತು. ಎಡಗೈಯ ಬಲ ಪೂರ್ಣವಾಗಿ ಮರಳಲಿಲ್ಲ. ಅವರು ಮಾತ್ರೆಯನ್ನು ನಿಲ್ಲಿಸಿ, ಅಂತರ್ಜಾಲದಿಂದ ತರಿಸಿದ “ನೈಸರ್ಗಿಕ” ಗುಳಿಗೆಗಳನ್ನು ತೆಗೆದುಕೊಳ್ಳುತ್ತಿದ್ದರೆಂಬುದು ನನಗೆ ಆಗ ತಿಳಿಯಿತು.

ಹುಡುಗ ಓದಿದ ಪುಟವನ್ನು ತರಿಸಿಕೊಂಡು ನಾನೂ ಓದಿದೆ. ಅಸಡ್ಡಾಳವಾದದ್ದೇನೋ ಇರಬಹುದೆಂದು ನಿರೀಕ್ಷಿಸಿದ್ದೆ. ಆದರೆ ನಾನು ಕೆಲಸ ಮಾಡುವ ಆಸ್ಪತ್ರೆಯ ಜಾಲತಾಣಕ್ಕಿಂತ ಅದು ಅಂದವಾಗಿತ್ತು. ಬಿಳಿಯ ಅಂಗಿ ತೊಟ್ಟು ಸ್ಟೆತೊಸ್ಕೋಪ್ ಧರಿಸಿದ ಸೌಮ್ಯ ಮುಖದ ಚಿತ್ರವಿತ್ತು. ವಾರ್ಫರಿನ್ ಎಂಬುದು ಇಲಿಪಾಷಾಣ ಎಂಬ ವಾಕ್ಯ ಮೊದಲಲ್ಲೇ ಇತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಆ ವಾಕ್ಯ ಸುಳ್ಳಲ್ಲ. 1920ರ ದಶಕದಲ್ಲಿ ಅಮೆರಿಕೆಯ ಉತ್ತರ ಭಾಗದಲ್ಲೂ ಕೆನಡಾದಲ್ಲೂ ಬೂಷ್ಟು ಹಿಡಿದ ಕ್ಲೋವರ್ ಮೇವನ್ನು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಮತ್ತು ಅವರ ಸಂಗಡಿಗರು ಅದರ ಕಾರಣವನ್ನು ಹುಡುಕುತ್ತ ಹೋಗಿ ಈ ಜಾತಿಯ ರಾಸಾಯನಿಕಗಳನ್ನು ಕಂಡುಕೊಂಡರು. 1948ರಲ್ಲಿ ವಾರ್ಫರಿನ್ ಇಲಿಗಳನ್ನು ಕೊಲ್ಲುವ ಮದ್ದಾಗಿ ಮಾರುಕಟ್ಟೆಗೆ ಬಂದಿತು. 1954ರಲ್ಲಿ ಮನುಷ್ಯರ ಚಿಕಿತ್ಸೆಗೆ ಒಪ್ಪಿಗೆ ಪಡೆಯಿತು. ಮರುವರ್ಷ ಹೃದಯಾಘಾತಕ್ಕೆ ಒಳಗಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಕೊಟ್ಟ ಔಷಧವೂ ಇದೇ. ಆ ಪುಟ 1948ನ್ನು ಹೇಳಿತ್ತು, 1954ನ್ನು ಹೇಳಿರಲಿಲ್ಲ. ಅಪ್ಪಟ ಸುಳ್ಳನ್ನು ಹಿಡಿಯುವುದು ಅಷ್ಟು ಕಷ್ಟವಲ್ಲ. ನಿಜದ ಅರ್ಧ ಭಾಗವನ್ನು ಕೈಗಿತ್ತು ಉಳಿದರ್ಧವನ್ನು ಬಚ್ಚಿಡುವ ಪುಟವೇ ಅಪಾಯಕಾರಿ. ಎಪ್ಪತ್ತು ದಾಟಿದ ಹೆಂಗಸಿಗೆ “ನೀವು ದಿನವೂ ನುಂಗುತ್ತಿರುವುದು ಇಲಿಪಾಷಾಣ” ಎಂದು ಓದಿ ಹೇಳಿದರೆ ಆಕೆ ಮತ್ತೇನು ಮಾಡಿಯಾರು?

ಪುಟದ ಕೆಳಗೆ ಸಂಶೋಧನ ಲೇಖನಗಳ ಪಟ್ಟಿಯೂ ಇತ್ತು. ಒಂದೊಂದಾಗಿ ತೆರೆದು ನೋಡಿದೆ. ಒಂದು ಪ್ರಯೋಗ ಗಾಜಿನ ನಳಿಕೆಯಲ್ಲಿ ನಡೆದದ್ದು, ಇನ್ನೊಂದು ಇಲಿಗಳ ಮೇಲೆ, ಮೂರನೆಯದು ಆರೋಗ್ಯವಂತ ತರುಣರ ಮೇಲೆ. ಕೃತಕ ಕವಾಟವುಳ್ಳ ಒಬ್ಬ ರೋಗಿಯೂ ಅಲ್ಲಿರಲಿಲ್ಲ. ಲೇಖನ ಬರೆದ ದಿನಾಂಕವಿರಲಿಲ್ಲ. ಬಿಳಿಯ ಅಂಗಿಯವರಿಗೆ ಹೆಸರಿರಲಿಲ್ಲ. ಕೊನೆಯಲ್ಲಿ ಗುಳಿಗೆಯ ಶೀಷೆಯ ಚಿತ್ರ, ಅದರ ಬೆಲೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಆ ಅತ್ತೆಯೇ ಚಿಕ್ಕಂದಿನಲ್ಲಿ ನನಗೆ ಹೇಳಿಕೊಟ್ಟವರು.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ರೋಗವನ್ನು ಅರಿಯಲು ಮೂರು ಸಾಧನಗಳನ್ನು ಹೇಳಿದೆ: ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ. ಮೊದಲನೆಯದು ಆಪ್ತರ ಮಾತು. ಆಪ್ತರೆಂದರೆ ಈಗಿನ ಬಳಕೆಯ ಅರ್ಥದಲ್ಲಿ ಹತ್ತಿರದವರು, ಬೇಕಾದವರು ಎಂದಲ್ಲ. ವಿಷಯವನ್ನು ಸಂದೇಹವಿಲ್ಲದೆ ಬಲ್ಲವರು, ರಾಗದ್ವೇಷಗಳಿಂದ ದೂರವಾದವರು ಎಂದು. ಬಲ್ಲವರೇ? ಹೇಳುವುದರಲ್ಲಿ ಅವರಿಗೆ ಸ್ವಂತ ಲಾಭವಿದೆಯೇ? ಜಾಲತಾಣಗಳನ್ನು ಅಳೆಯಲು ಇಂದು ಪಂಡಿತರು ಹೇಳುವ ಮಾತುಗಳಲ್ಲಿ ಹೆಚ್ಚಿನವು ಈ ಎರಡು ಪ್ರಶ್ನೆಗಳ ವಿಸ್ತಾರವೇ ಆಗಿವೆ. 1997ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಸಿಲ್ಬರ್ಗ್ ಮತ್ತು ಸಂಗಡಿಗರು ನಾಲ್ಕನ್ನು ಕೇಳಿದರು: ಬರೆದವರು ಯಾರು, ಆಧಾರವೇನು, ತಾಣದ ಒಡೆತನ ಯಾರದು, ದಿನಾಂಕ ಯಾವುದು. ನಮ್ಮ ಪುಟ ನಾಲ್ಕರಲ್ಲೂ ಅನುತ್ತೀರ್ಣ. ಆದರೆ ಈಗಿನ ಚತುರ ವ್ಯಾಪಾರಿ ನಾಲ್ಕನ್ನೂ ತೋರಿಕೆಗೆ ಒದಗಿಸಬಲ್ಲ. ಆದ್ದರಿಂದ ಅಷ್ಟೇ ಸಾಲದು. ಜಿನೀವಾದ ಒಂದು ಪ್ರತಿಷ್ಠಾನ ಒಳ್ಳೆಯ ವೈದ್ಯಕೀಯ ತಾಣಗಳಿಗೆ “ಹಾನ್‌ಕೋಡ್” ಎಂಬ ಮುದ್ರೆಯನ್ನು ಕೊಡುತ್ತಿತ್ತು. ಆ ಪ್ರತಿಷ್ಠಾನ 2022ರ ಕೊನೆಯಲ್ಲಿ ಮುಚ್ಚಿತು. ಎಲ್ಲಿಯಾದರೂ ಆ ಮುದ್ರೆ ಕಂಡರೆ ಅದರ ಹಿಂದೆ ಕಾವಲುಗಾರನಿಲ್ಲವೆಂದು ತಿಳಿಯಿರಿ.

ಇನ್ನು ಶೋಧಯಂತ್ರದ ವಿಚಾರ. ನಮ್ಮಲ್ಲಿ ಬಹುಮಂದಿಗೆ ಮೊದಲು ಕಾಣಿಸಿದ್ದೇ ಶ್ರೇಷ್ಠವೆಂಬ ಭಾವನೆಯಿದೆ. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳಾದ ಬ್ರಿನ್ ಮತ್ತು ಪೇಜ್ ಗೂಗಲ್‌ನ ಮೂಲತತ್ತ್ವವನ್ನು ಪ್ರಕಟಿಸಿದರು. ಮದುವೆಗೆ ಅಡುಗೆಯವರನ್ನು ಗೊತ್ತುಮಾಡುವ ರೀತಿಯನ್ನು ನೆನಪಿಸಿಕೊಂಡರೆ ಅದು ಅರ್ಥವಾಗುತ್ತದೆ. ಹತ್ತು ಮಂದಿ ಒಬ್ಬ ಭಟ್ಟರ ಹೆಸರು ಹೇಳಿದರೆ ಅವರೇ ಒಳ್ಳೆಯವರು. ಹೇಳಿದವರು ತಾವೇ ಹೆಸರಾಂತವರಾಗಿದ್ದರೆ ಆ ಮಾತಿಗೆ ಇನ್ನೂ ಹೆಚ್ಚು ತೂಕ. ಹಾಗೆಯೇ, ಒಂದು ಪುಟದತ್ತ ಬೇರೆ ಎಷ್ಟು ಪುಟಗಳು, ಎಂಥ ಪುಟಗಳು ಕೈತೋರುತ್ತವೆ ಎಂಬುದರ ಮೇಲೆ ಅದಕ್ಕೆ ಸ್ಥಾನ. ಈಗ ಇದರ ಜೊತೆಗೆ ಇನ್ನೂ ಹಲವು ಲೆಕ್ಕಗಳು ಸೇರಿವೆ. ಅಡುಗೆಗೆ ಈ ವಿಧಾನ ಬಹುಮಟ್ಟಿಗೆ ಸರಿಯೇ, ಏಕೆಂದರೆ ಹೇಳಿದವರೆಲ್ಲ ಉಂಡು ನೋಡಿರುತ್ತಾರೆ. ಔಷಧದ ವಿಷಯದಲ್ಲಿ ಕೈತೋರುವವರು ಉಂಡವರಲ್ಲ.

ಅದೇ ಪ್ರಬಂಧದಲ್ಲಿ ಆ ತರುಣರು ಇನ್ನೊಂದು ಮಾತನ್ನೂ ಬರೆದಿದ್ದರು: ಜಾಹೀರಾತಿನ ಹಣದಿಂದ ನಡೆಯುವ ಶೋಧಯಂತ್ರ ಸಹಜವಾಗಿಯೇ ಜಾಹೀರಾತುದಾರರ ಕಡೆಗೆ ವಾಲುತ್ತದೆ ಎಂದು. ಎರಡೇ ವರ್ಷಗಳಲ್ಲಿ, 2000ದಲ್ಲಿ, ಅವರ ಸಂಸ್ಥೆಯೂ ಜಾಹೀರಾತನ್ನು ತೆಗೆದುಕೊಳ್ಳತೊಡಗಿತು. ಇದನ್ನು ಹಂಗಿಸಲು ಹೇಳುತ್ತಿಲ್ಲ. ಫಲಿತಾಂಶಗಳ ಮೇಲ್ಗಡೆ “ಪ್ರಾಯೋಜಿತ” ಎಂಬ ಸಣ್ಣ ಅಕ್ಷರಗಳಿದ್ದರೆ ಕಣ್ಣು ತಪ್ಪಿಸಬೇಡಿ ಎಂದು ಹೇಳುತ್ತಿದ್ದೇನೆ.

ಹುಡುಗನ ತಪ್ಪು ಎಲ್ಲಾಯಿತೆಂದು ಆಮೇಲೆ ಇಬ್ಬರೂ ಕುಳಿತು ನೋಡಿದೆವು. ಅವನು ಹುಡುಕಿದ ಪದಗಳು “ವಾರ್ಫರಿನ್‌ಗೆ ನೈಸರ್ಗಿಕ ಬದಲಿ” ಎಂದು. ಬದಲಿ ಇದೆಯೆಂದು ಪ್ರಶ್ನೆಯಲ್ಲೇ ಒಪ್ಪಿಕೊಂಡ ಮೇಲೆ ಯಂತ್ರ ಬದಲಿಯನ್ನೇ ತಂದುಕೊಟ್ಟಿತು. “ಯಾಂತ್ರಿಕ ಕವಾಟವಿರುವವರು ವಾರ್ಫರಿನ್ ನಿಲ್ಲಿಸಿದರೆ” ಎಂದು ಹುಡುಕಿದಾಗ ಬಂದ ಪುಟಗಳೇ ಬೇರೆ. ರೋಗಿಯ ಸ್ಥಿತಿಯನ್ನು ಪ್ರಶ್ನೆಯೊಳಗೆ ಸೇರಿಸಿರಿ. ಬಯಸಿದ ಉತ್ತರವನ್ನು ಸೇರಿಸಬೇಡಿ.

ರೋಗಿಯ ಸ್ಥಿತಿ ಎಂದೆನಲ್ಲ, ಅದಕ್ಕೊಂದು ನಿದರ್ಶನ. ಹುಡುಗನ ಶೋಧದಲ್ಲಿ ಒಂದು ನಿರ್ದುಷ್ಟ ಪುಟವೂ ಸಿಕ್ಕಿತ್ತು. ಹೃದಯದ ಬಡಿತ ಕ್ರಮತಪ್ಪುವ ಕಾಯಿಲೆಯವರಿಗೆ ವಾರ್ಫರಿನ್‌ಗೆ ಬದಲಾಗಿ ಡಾಬಿಗಾಟ್ರಾನ್ ಎಂಬ ಹೊಸ ಔಷಧ 2010ರಲ್ಲಿ ಅಮೆರಿಕೆಯಲ್ಲಿ ಒಪ್ಪಿಗೆ ಪಡೆದುದನ್ನು ಅದು ವಿವರಿಸುತ್ತಿತ್ತು. ಒಂದಕ್ಷರವೂ ಸುಳ್ಳಲ್ಲ. ಆದರೆ ಅದೇ ಔಷಧವನ್ನು ಯಾಂತ್ರಿಕ ಕವಾಟದವರಲ್ಲಿ ಪರೀಕ್ಷಿಸಿದಾಗ ವಾರ್ಫರಿನ್ ಗುಂಪಿಗಿಂತ ಹೆಪ್ಪುಗಳೂ ಹೆಚ್ಚು, ರಕ್ತಸ್ರಾವವೂ ಹೆಚ್ಚು ಕಂಡುಬಂದು ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ವರದಿ 2013ರಲ್ಲಿ ಪ್ರಕಟವಾಯಿತು. ಪುಟ ನಂಬಲರ್ಹವೇ ಎಂಬುದರ ಜೊತೆಗೆ ಅದು ಬರೆದಿರುವುದು ಯಾರನ್ನು ಕುರಿತು ಎಂದೂ ಕೇಳಬೇಕು. ಅತ್ತೆಯ ಪಾಲಿಗೆ ಆ ಒಳ್ಳೆಯ ಪುಟವೂ ಕೆಟ್ಟದ್ದೇ ಆಗುತ್ತಿತ್ತು.

ಹಾಗಾದರೆ ಪುಟವನ್ನು ಪರೀಕ್ಷಿಸುವುದು ಹೇಗೆ? ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಹತ್ತು ಮಂದಿ ಇತಿಹಾಸದ ವಿದ್ವಾಂಸರು, ಹತ್ತು ಮಂದಿ ಪತ್ರಿಕೆಗಳಿಗಾಗಿ ಸತ್ಯಾಂಶ ಪರಿಶೀಲಿಸುವ ವೃತ್ತಿಯವರು, ಇಪ್ಪತ್ತೈದು ಮಂದಿ ವಿದ್ಯಾರ್ಥಿಗಳು. ಮಕ್ಕಳ ವೈದ್ಯರ ಎರಡು ಸಂಘಗಳ ತಾಣಗಳನ್ನು ಅವರ ಮುಂದಿಟ್ಟರು. ಒಂದು 1930ರಲ್ಲಿ ಸ್ಥಾಪನೆಯಾಗಿ ಅರವತ್ತು ಸಾವಿರಕ್ಕೂ ಹೆಚ್ಚು ಸದಸ್ಯರಿರುವ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್. ಇನ್ನೊಂದು ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಶಿಯನ್ಸ್. ಸಲಿಂಗ ದಂಪತಿಗಳು ಮಕ್ಕಳನ್ನು ದತ್ತು ಪಡೆಯುವುದನ್ನು ಅಕಾಡೆಮಿ ಬೆಂಬಲಿಸಿದ್ದನ್ನು ವಿರೋಧಿಸಿ 2002ರಲ್ಲಿ ಹೊರಬಂದ ಸಣ್ಣ ಗುಂಪು. ಹೆಸರು, ಲಾಂಛನ, ಗಾಂಭೀರ್ಯ ಎರಡಕ್ಕೂ ಇದ್ದವು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರೂ ವಿದ್ವಾಂಸರಲ್ಲಿ ಹಲವರೂ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಶ್ರದ್ಧೆಯಿಂದ ಓದಿ ಎಡವಿದರು. ವೃತ್ತಿಯ ಪರಿಶೀಲಕರು ಪುಟವನ್ನು ಓದುವ ಗೋಜಿಗೇ ಹೋಗಲಿಲ್ಲ. ಕೂಡಲೇ ಹೊರಬಂದು, ಈ ಸಂಘದ ವಿಚಾರದಲ್ಲಿ ಇತರರು ಏನು ಹೇಳುತ್ತಾರೆಂದು ಹುಡುಕಿದರು.

ನಮಗೆ ಇದು ಹೊಸದೇನಲ್ಲ. ಮಗಳಿಗೆ ಸಂಬಂಧ ಬಂದಾಗ ಹುಡುಗನ ಮನೆಯವರು ಕೊಟ್ಟ ಉಪ್ಪಿಟ್ಟು-ಕಾಫಿಯನ್ನು ಮೆಚ್ಚಿ ಯಾರೂ ಒಪ್ಪಿಬಿಡುವುದಿಲ್ಲ, ಅಕ್ಕಪಕ್ಕದಲ್ಲಿ ವಿಚಾರಿಸುತ್ತೇವೆ. ಜಾಲತಾಣದ ವಿಷಯದಲ್ಲಿ ಮಾತ್ರ ಅವರ ಮನೆಯ ಕಾಫಿಗೇ ಮರುಳಾಗುತ್ತೇವೆ.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೂ ಒಂದು ತೊಡಕಿದೆ. 2018ರಲ್ಲಿ ಗೊಲೆಬಿಯೆವ್‌ಸ್ಕಿ ಮತ್ತು ಡಾನಾ ಬಾಯ್ಡ್ ಎಂಬವರು ಒಂದು ಲಕ್ಷಣವನ್ನು ಗುರುತಿಸಿದರು: ಯಾವ ವಿಷಯದಲ್ಲಿ ಒಳ್ಳೆಯ ಬರಹ ವಿರಳವೋ ಅಲ್ಲಿ ಕೆಟ್ಟ ಬರಹ ಸುಲಭವಾಗಿ ಮೇಲಕ್ಕೇರುತ್ತದೆ. ಇಂಗ್ಲಿಷಿನಲ್ಲಿ ವಾರ್ಫರಿನ್ ಕುರಿತು ಅಮೆರಿಕೆಯ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಮೆಡ್‌ಲೈನ್‌ಪ್ಲಸ್ ಇದೆ; 1998ರಿಂದ ಜಾಹೀರಾತಿಲ್ಲದೆ ನಡೆದುಬಂದಿದೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ತಾಣವಿದೆ. ಕನ್ನಡದಲ್ಲಿ ಆ ಜಾಗ ಬಹುತೇಕ ತೆರವಾಗಿದೆ, ಅದನ್ನು ಮನೆಮದ್ದಿನ ಚಲನಚಿತ್ರ ತುಣುಕುಗಳು ತುಂಬುತ್ತಿವೆ. ನಮ್ಮ ಕೂಟದಲ್ಲೇ ಇಷ್ಟೊಂದು ವೈದ್ಯರಿದ್ದೇವೆ. ಪ್ರತಿಯೊಬ್ಬರೂ ವರ್ಷಕ್ಕೆ ಎರಡು ಪುಟ ಕನ್ನಡದಲ್ಲಿ ಬರೆದು, ಹೆಸರು, ದಿನಾಂಕ, ಆಧಾರಗಳನ್ನು ಹಾಕಿದರೆ ಆ ಜಾಗ ಇಷ್ಟು ತೆರವಾಗಿರುತ್ತಿರಲಿಲ್ಲ. ನಾನೂ ಬರೆದವನಲ್ಲ, ಆಕ್ಷೇಪ ನನಗೂ ಸೇರಿದ್ದು.

ಪ್ರಸಂಗವಶಾತ್ ಅರಿಶಿನದ ಮಾತು. ಸಾರಿಗೆ ಹಾಕುವ ಚಿಟಿಕೆ ಅರಿಶಿನದಿಂದ ಭಯವಿಲ್ಲ. ಗುಳಿಗೆಯ ರೂಪದ್ದು ಬೇರೆ. ವಾರ್ಫರಿನ್ ಜೊತೆಗೆ ಅದನ್ನು ತೆಗೆದುಕೊಂಡ ಒಬ್ಬರ ಐ.ಎನ್.ಆರ್. 10ನ್ನು ಮೀರಿದ ಮೇಲೆ ನ್ಯೂಜಿಲೆಂಡಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಕೆ ನೀಡಿತು.

ಈಗ ಶೋಧಯಂತ್ರಗಳು ಪುಟಗಳ ಪಟ್ಟಿಗೆ ಮೊದಲು ಉತ್ತರವನ್ನೇ ಬರೆದುಕೊಡುತ್ತವೆ. 2024ರ ಮೇ ತಿಂಗಳಲ್ಲಿ ಗೂಗಲ್ ಅಮೆರಿಕೆಯಲ್ಲಿ ಈ ಏರ್ಪಾಡನ್ನು ವ್ಯಾಪಕವಾಗಿ ಆರಂಭಿಸಿದಾಗ, ದಿನಕ್ಕೆ ಒಂದು ಸಣ್ಣ ಕಲ್ಲನ್ನು ತಿನ್ನಬಹುದೆಂಬ ಸಲಹೆ ಹೊರಬಂದಿತ್ತು. ಹಾಸ್ಯಪತ್ರಿಕೆಯೊಂದರ ಅಣಕ ಬರಹವನ್ನು ಯಂತ್ರ ನಿಜವೆಂದು ಭಾವಿಸಿತ್ತು. ಕಲ್ಲಿನ ಸಲಹೆಗೆ ಎಲ್ಲರೂ ನಕ್ಕರು. ಮಾತ್ರೆಯ ಪ್ರಮಾಣದಲ್ಲಿ ಅದು ತಪ್ಪಿದರೆ ನಗಲು ನಮಗೆ ತಿಳಿಯುವುದೇ ಇಲ್ಲ. ಉತ್ತರದ ಪಕ್ಕದಲ್ಲಿರುವ ಮೂಲವನ್ನು ತೆರೆದು ನೋಡದೆ ಯಾವ ಔಷಧವನ್ನೂ ಆರಂಭಿಸಬೇಡಿ, ನಿಲ್ಲಿಸಬೇಡಿ. ತೆರೆದು ನೋಡಿದ ಮೇಲೂ ನಿಮ್ಮ ವೈದ್ಯರನ್ನು ಕೇಳಿ.

ವೈದ್ಯರು ಪೂರ್ತಿ ಆಪ್ತರೇ ಎಂದು ನೀವು ಕೇಳಬಹುದು. ನನ್ನ ಕಥೆಯನ್ನು ಕೇಳಿದ ಮೇಲೆ ಆ ಪ್ರಶ್ನೆ ನ್ಯಾಯವಾದದ್ದೇ. 1998ರಲ್ಲಿ ವೇಕ್‌ಫೀಲ್ಡ್ ಎಂಬ ವೈದ್ಯ ಹನ್ನೆರಡು ಮಕ್ಕಳ ವಿವರಗಳನ್ನಿಟ್ಟುಕೊಂಡು ದಡಾರದ ಲಸಿಕೆಯ ಮೇಲೆ ಸಂದೇಹ ಹುಟ್ಟಿಸಿದ ಲೇಖನ ಪ್ರಕಟವಾದದ್ದು ಲ್ಯಾನ್ಸೆಟ್‌ನಂಥ ಘನವಾದ ಪತ್ರಿಕೆಯಲ್ಲಿ. ಅದನ್ನು ಹಿಂತೆಗೆದುಕೊಳ್ಳಲು ಪತ್ರಿಕೆಗೆ 2010ರವರೆಗೆ ಹನ್ನೆರಡು ವರ್ಷ ಬೇಕಾಯಿತು. ಒಬ್ಬರ ಮಾತನ್ನು ಇನ್ನೊಬ್ಬರಲ್ಲಿ ವಿಚಾರಿಸುವ ನಿಯಮ ನಮಗೂ ಅನ್ವಯಿಸುತ್ತದೆ.

ಅತ್ತೆ ಮತ್ತೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದಾರೆ. ಮೊಮ್ಮಗ ಏನನ್ನು ಓದಿದರೂ ನನಗೆ ಕಳುಹಿಸುತ್ತಾನೆ. ನಾನು ಅದೇ ದಿನ ಉತ್ತರಿಸುತ್ತೇನೆ. ನಿಮ್ಮಲ್ಲಿ ಯಾರಾದರೂ ಅಂಥ ಪುಟಗಳನ್ನು ಮುದ್ರಿಸಿ ತಂದಿದ್ದರೆ ಊಟದ ನಂತರ ಒಟ್ಟಿಗೆ ಕುಳಿತು ನೋಡೋಣ.