ಬಣ್ಣದ ಚಿತ್ರಕ್ಕಿಂತ ಮೊದಲು: ವೆಬ್‌ಸೈಟಿನ ನಮೂನೆ ಮಾಡುವ ಬಗೆ
(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



"ವೆಬ್‌ಸೈಟಿನ ನಮೂನೆ ಮಾಡೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು?" ಅಂತ ನಮ್ಮಲ್ಲಿ ಹಲವರು ಕೇಳಿದ್ದೀರಿ. ಮನೆಯಿಂದಲೇ ಚಟ್ನಿಪುಡಿ, ಹಪ್ಪಳ, ಇಳಕಲ್ ಸೀರೆ ಮಾರುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಸಾಫ್ಟ್‌ವೇರುಗಳ ಪಟ್ಟಿ ಓದಿ ಕೂರುವ ಬದಲು, ಇಲ್ಲೇ ಮಾರ್ಕೆಟ್ ಯಾರ್ಡಿನಲ್ಲಿ ನಾನು ಮಾಡಿದ ಒಂದು ಕೆಲಸದ ಕಥೆ ಹೇಳುತ್ತೇನೆ.

ಭುಸಾರ ವಿಭಾಗದಲ್ಲಿ ಹಾವೇರಿ ಕಡೆಯ ಅಕ್ಕ ಒಬ್ಬರ ಅಂಗಡಿ ಇದೆ. ಮೆಣಸಿನಕಾಯಿ, ಬೆಲ್ಲ, ಜೋಳ. ಗಂಡ ತೀರಿಕೊಂಡ ಮೇಲೆ ಲೆಕ್ಕ, ಗಿರಾಕಿ, ಹಮಾಲರ ಕೂಲಿ ಎಲ್ಲ ಅವರ ಕೈಗೇ ಬಂತು. ನನ್ನ ಹತ್ತಿರ ಬರುವ ಮೊದಲು ಅವರು ಇನ್ನೊಬ್ಬರಿಗೆ ವೆಬ್‌ಸೈಟ್ ಮಾಡಲು ಅರ್ಧ ಹಣ ಕೊಟ್ಟಾಗಿತ್ತು. ಫೋಟೋಶಾಪಿನಲ್ಲಿ ಮಾಡಿದ ಬಣ್ಣಬಣ್ಣದ ಚಿತ್ರವನ್ನು ಫೋನಿನಲ್ಲಿ ತೋರಿಸಿ ಕೇಳಿದರು: "ಚಂದ ಐತಿ ತಂಗಿ. ಆದ್ರ ಇವತ್ತಿನ ದರ ಎಲ್ಲಿ ಬರೀಬೇಕು?" ಆ ಚಿತ್ರದಲ್ಲಿ ದರಕ್ಕೆ ಜಾಗವೇ ಇರಲಿಲ್ಲ. ದರ ದಿನಾ ಬದಲಾಗುವ ಅಂಗಡಿಗೆ! ಉಳಿದರ್ಧ ಹಣ ಕೊಡಬೇಕೋ ಬೇಡವೋ ಎಂಬುದೇ ಅವರ ಚಿಂತೆ. ಮಗಳ ಕಾಲೇಜಿನ ಫೀ ಬೇರೆ ಎದುರಿಗಿತ್ತು.

ನಾನು ಲ್ಯಾಪ್‌ಟಾಪ್ ತೆಗೆಯಲಿಲ್ಲ. ಅವರ ಹಳೆಯ ಬಿಲ್ ಪುಸ್ತಕದ ಹಾಳೆಗಳ ಹಿಂಬದಿಯಲ್ಲೇ ಫೋನಿನ ಅಳತೆಗೆ ಚೌಕ ಹಾಕಿ, ಪೆನ್ಸಿಲಿನಲ್ಲಿ ಗೀಚಿದೆ. ಒಂದು ಹಾಳೆ ಎಂದರೆ ಒಂದು ಪರದೆ. ಗಿರಾಕಿ ಬೆರಳಿಟ್ಟ ಕಡೆಗೆ ಮುಂದಿನ ಹಾಳೆ ಇಡುವುದು, ಅಷ್ಟೇ. ವಿನ್ಯಾಸದವರು ಇದನ್ನು ಪೇಪರ್ ಪ್ರೊಟೊಟೈಪ್ ಎನ್ನುತ್ತಾರೆ. ಎಷ್ಟು ಜನರಿಗೆ ತೋರಿಸಬೇಕು? ಜೇಕಬ್ ನೀಲ್ಸನ್ ಎಂಬ ತಜ್ಞರು 2000ದಲ್ಲಿ, ಐದು ಜನರಿಗೆ ತೋರಿಸಿದರೆ ದೊಡ್ಡ ದೋಷಗಳೆಲ್ಲ ಹೆಚ್ಚುಕಡಿಮೆ ಸಿಕ್ಕಿಬಿಡುತ್ತವೆ ಎಂದು ಬರೆದರು. ನಮಗೆ ನಾಲ್ವರು ಸಿಕ್ಕರು.

ಮೊದಲನೆಯವರು ಖಾನಾವಳಿ ನಡೆಸುವ ಯಜಮಾನರು. ನಾನು "ಬ್ಯಾಡಗಿ", "ಗುಂಟೂರು" ಎಂದು ಹೆಸರು ಬರೆದು ಸಾಲಾಗಿ ಇಟ್ಟಿದ್ದೆ. ಅವರು ಅದನ್ನು ನೋಡಲೇ ಇಲ್ಲ. "ಬಣ್ಣಕ್ಕೆ ಬೇಕು, ಖಾರ ಬೇಡ" ಅಂದರು. ಹೌದಲ್ಲ! ಬ್ಯಾಡಗಿ ಕೊಳ್ಳುವುದೇ ಕೆಂಪು ಬಣ್ಣಕ್ಕೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಆ ಕಾಯಿಯ ಖಾರ ಕಡಿಮೆ. ಖಾರ ಬೇಕಾದವರು ಗುಂಟೂರಿನ ಕಡೆ ಹೋಗುತ್ತಾರೆ. ರಬ್ಬರ್ ತೆಗೆದುಕೊಂಡು ಮೊದಲ ಪರದೆಯನ್ನೇ ಬದಲಿಸಿದೆ: "ಬಣ್ಣಕ್ಕೋ, ಖಾರಕ್ಕೋ?" ಇದಕ್ಕೆ ತಗುಲಿದ್ದು ಎರಡು ನಿಮಿಷ.

ಗುಮಾಸ್ತರು ದರದ ಪಕ್ಕದಲ್ಲಿ ತಾರೀಖು ಇರಲೇಬೇಕು ಎಂದರು. ನಿನ್ನೆಯ ದರ ತೋರಿಸಿ ಜಗಳಕ್ಕೆ ಬರುವ ಗಿರಾಕಿಗಳನ್ನು ಅವರು ಕಂಡಿದ್ದಾರೆ. ಚೀಲ ಸಾಗಿಸುವ ಹಮಾಲರೊಬ್ಬರು ಕೊನೆಯ ಹಾಳೆ ಎತ್ತಿಕೊಂಡು, ಚೀಲಗಳ ಸಂಖ್ಯೆ ಮೇಲೆ ದೊಡ್ಡದಾಗಿ ಇರಲಿ, ಓಣಿಯ ಗುರುತು ಅದರ ಕೆಳಗೆ ಇರಲಿ, ಮಿಕ್ಕದ್ದು ತನಗೆ ಬೇಡ ಎಂದರು. ಎಷ್ಟು ಸ್ಪಷ್ಟ ನೋಡಿ! ನಾಲ್ಕನೆಯವರು ನಮ್ಮ ವೇದಿಕೆಯವರೇ. ಅರ್ಧ ಕಿಲೋ ಸಿಗುತ್ತದೋ ಇಲ್ಲವೋ ಎಂದು ಕೇಳಿ ಅಕ್ಕನನ್ನೇ ಯೋಚನೆಗೆ ಹಚ್ಚಿದರು.

ಪೆನ್ಸಿಲ್ ಗೀಟಿನ ಲಾಭ ಇದು. ಬಣ್ಣ ತುಂಬಿ ಮುಗಿಸಿದ ಚಿತ್ರ ಕಂಡರೆ ಜನ "ಚೆನ್ನಾಗಿದೆ" ಎಂದು ಸುಮ್ಮನಾಗುತ್ತಾರೆ. ಗೀಚಿದ್ದು ಕಂಡರೆ ತಿದ್ದುತ್ತಾರೆ. 2008ರಲ್ಲಿ ಬಂದ ಬಾಲ್ಸಾಮಿಕ್ ಎಂಬ ಸಾಫ್ಟ್‌ವೇರು ಬೇಕೆಂದೇ ಕೈಯಲ್ಲಿ ಗೀಚಿದಂಥ ಗೆರೆಗಳನ್ನು ಕೊಡುತ್ತದೆ. ಗಿರಾಕಿ ದೂರದ ಊರಲ್ಲಿದ್ದರೆ ಅದು ಒಳ್ಳೆಯದು.

ಕಾಗದದ ಮೇಲೆ ಎಲ್ಲ ಒಪ್ಪಿಗೆಯಾದ ಮೇಲೆ ಫಿಗ್ಮಾಕ್ಕೆ ಹೋದೆ. 2016ರಿಂದ ಎಲ್ಲರಿಗೂ ಸಿಗುತ್ತಿರುವ ಇದು ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಲಿಂಕ್ ಕಳಿಸಿದರೆ ಅಕ್ಕ ಅಂಗಡಿಯಲ್ಲಿ ಕೂತೇ ಫೋನಿನಲ್ಲಿ ಒತ್ತಿ ನೋಡಬಹುದು. ಸಣ್ಣ ಕೆಲಸಕ್ಕೆ ಹಣವೂ ಬೇಡ. ಸ್ಕೆಚ್ ಮ್ಯಾಕ್‌ನಲ್ಲಿ ಮಾತ್ರ ನಡೆಯುತ್ತದೆ, ನಮ್ಮಂಥ ಹೆಚ್ಚಿನವರಿಗೆ ಅದು ಆಗದ ಮಾತು. ಪೆನ್‌ಪಾಟ್ ಮುಕ್ತ ತಂತ್ರಾಂಶ, ನೋಡಿಡಿ. ಯಾವ ಸಾಧನವೂ ಶಾಶ್ವತವಲ್ಲ. ಅಡೋಬಿ ಸಂಸ್ಥೆ 2022ರಲ್ಲಿ 20 ಬಿಲಿಯನ್ ಡಾಲರಿಗೆ ಫಿಗ್ಮಾವನ್ನು ಕೊಳ್ಳಲು ಹೊರಟು 2023ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಅದರ ಸ್ವಂತ ಎಕ್ಸ್‌ಡಿಯ ಬೆಳವಣಿಗೆಯೂ ಅಲ್ಲಿಗೆ ನಿಂತಿತು. ಆದ್ದರಿಂದ ಒಪ್ಪಿಗೆಯಾದ ಪರದೆಗಳ ಪಿಡಿಎಫ್ ಪ್ರತಿಯನ್ನು ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ.

ಕನ್ನಡದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ನಮೂನೆಗಳಲ್ಲಿ "ಲೊರೆಮ್ ಇಪ್ಸಮ್" ಎಂಬ ಅರ್ಥವಿಲ್ಲದ ಲ್ಯಾಟಿನ್ ತುಂಬುವ ರೂಢಿಯಿದೆ. ನಮಗೆ ಅದು ಸುಳ್ಳು ಹೇಳುತ್ತದೆ. ಅಕ್ಕನ ಸೈಟು ಮೂರು ಭಾಷೆಯಲ್ಲಿ ಬೇಕಿತ್ತು. ಮರಾಠಿಯ "ಮಿರಚಿ" ಕೂತ ಗುಂಡಿಯಲ್ಲಿ ನಮ್ಮ "ಮೆಣಸಿನಕಾಯಿ" ಹಿಡಿಸಲಿಲ್ಲ. ಇಂಗ್ಲಿಷಿಗೆ ಸರಿಹೋದ ಸಾಲಂತರದಲ್ಲಿ ಕನ್ನಡದ ಒತ್ತಕ್ಷರ ಕೆಳಸಾಲಿನ ದೀರ್ಘ, ಗುಡಿಸುಗಳಿಗೆ ತಾಗುತ್ತಿತ್ತು. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಒತ್ತುಗಳು ಕಳಚಿ ಬೀಳುತ್ತಿದ್ದವು, ಹಾಗಾಗಿ ಎಷ್ಟೋ ಜನ ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬರೆದು ಚಿತ್ರ ಮಾಡಿಕೊಟ್ಟರು. ಚಿತ್ರ ಚೆಂದ, ಆದರೆ ಆ ಪಠ್ಯವನ್ನು ಸೈಟಿಗೆ ನಕಲಿಸಿದರೆ ಬರೀ ಅಡ್ಡಾದಿಡ್ಡಿ ಗುರುತು. ಅದಕ್ಕೇ ಕೊನೆಯ ಹಂತದಲ್ಲಿ ನಾನು ಒಂದೇ ಒಂದು ಪುಟವನ್ನು ನೇರ ಎಚ್‌ಟಿಎಂಎಲ್‌ನಲ್ಲಿ, ನೋಟೊ ಸಾನ್ಸ್ ಕನ್ನಡ ಫಾಂಟಿನಲ್ಲಿ ಮಾಡಿ, ಗುಮಾಸ್ತರ ಅಗ್ಗದ ಫೋನಿನಲ್ಲೇ ತೆರೆದು ನೋಡುತ್ತೇನೆ. ಬಿಸಿಲಲ್ಲಿ, ಲಾರಿ ಪಕ್ಕದಲ್ಲಿ ನಿಂತು.

ಅಕ್ಕ ನಮ್ಮ ಹಾಳೆಗಳನ್ನು ದಾರದಲ್ಲಿ ಕಟ್ಟಿಕೊಂಡು ಆ ಮೊದಲಿನವರ ಬಳಿ ಹೋದರು. "ಹಿಂಗ ಮಾಡಿಕೊಡ್ರಿ, ಉಳಿದ ರೊಕ್ಕ ಕೊಡ್ತೀನಿ." ಮಾತುಕತೆ ಇನ್ನೂ ನಡೆದಿದೆ. ಆದರೆ ಈಗ ಏನು ಬೇಕೆಂದು ಹೇಳುತ್ತಿರುವವರು ಅಕ್ಕ.

ಹಿಂದಿನ ಮೇಜಿನ ಮೇಲೆ ಕಾಗದ, ಪೆನ್ಸಿಲ್, ರಬ್ಬರ್ ಇಟ್ಟಿದ್ದೇನೆ. ಚಹಾ ಕುಡಿಯುತ್ತಾ ನಿಮ್ಮ ನಿಮ್ಮ ಮೊದಲ ಪರದೆ ಬರೆದು, ಪಕ್ಕದಲ್ಲಿ ಕೂತವರಿಗೆ ಕೊಡಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ಬೆರಳಿಡುತ್ತಾರೆ ಎಂದು ಮಾತ್ರ ನೋಡಿ.